ಹಾಲುಗಂಬದ ಬಾಣ

"ನಿನ್ ಮಗಳ ಚಪ್ಪರಕ್ಕೆ ಹಾಲುಗಂಬ ನಾನೇ ಕಡ್ಕೊಂಡ್ ಬತ್ತೀನಿ ಕಣಕ್ಕ, ಹೊತ್ಗೆ ಮುಂಚೆನೇ ಬತ್ತೀನಿ" ಎಂದು ತಿಮ್ಮೇಶ್ ಅಕ್ಕ ಮುನಿತಾಯಮ್ಮನಿಗೆ ಮಾತು ಕೊಟ್ಟಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ, ಅವಳಿಗೆ ಮಗಳೂ ಹುಟ್ಟಿರಲಿಲ್ಲ. ಅಂದು ಅವಳದೇ ಮದುವೆಯ ಚಪ್ಪರ. ಹಾಲುಗಂಬಕ್ಕೆ ಅತ್ತಿಮರದ ಕೊಂಬೆ ಕಡಿದು ತರಬೇಕಾದ ಸೋದರಮಾವ ಯಾವುದೋ ಕೆಲಸಕ್ಕೆ ಸಿಕ್ಕಿಕೊಂಡು ಬಂದಿರಲಿಲ್ಲ. ಆ ಕಂಬ ನೆಡದೆ ಹುಡುಗಿಗೆ ಅರಿಶಿನ ಹಚ್ಚುವಂತಿಲ್ಲ. ಬಟ್ಟಲಲ್ಲಿ ಕಲಸಿಟ್ಟಿದ್ದ ಅರಿಶಿನ ಒಣಗಿ ಬಿರುಕು ಬಿಟ್ಟಿತು. ಅಕ್ಕ ಬಾಗಿಲನ್ನೇ ನೋಡುತ್ತ ಕೂತಿದ್ದಳು.

ಈಗ ಆ ಅಕ್ಕನ ಮಗಳು ಮಾನಸಳ ಮದುವೆ. ಗುರುವಾರ ಚಪ್ಪರ. ತಿಮ್ಮೇಶ್ ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಪ್ಲಾನಿಂಗ್ ವಿಭಾಗದಲ್ಲಿದ್ದ. ಅದೇ ವಾರ ಹೊಸ ಪ್ರೆಸ್ ಮೆಷಿನ್ ಬರುವುದಿತ್ತು. ರಜೆ ಕೇಳುವ ಯೋಚನೆಯನ್ನೇ ಅವನು ಮಾಡಲಿಲ್ಲ. ಊಟದ ಬಿಡುವಿನಲ್ಲಿ ಅಕ್ಕನಿಗೆ ಫೋನ್ ಮಾಡಿದ.

"ಅಕ್ಕ, ಕಂಬನ ಯಾರ್ ಕೈಲಾದ್ರೂ ಕಡಿಸ್ಬುಡು. ನಾನು ಸಂಜೆ ಆರತಿ ಹೊತ್ಗೆ ಬಂದ್ಬುಡ್ತೀನಿ. ಇಲ್ಲಿ ನಾನಿಲ್ದೆ ಒಂದ್ ಕೆಲ್ಸನೂ ಮುಂದಕ್ಕೋಗಕಿಲ್ಲ."

 ಮುನಿತಾಯಮ್ಮ, "ಅವತ್ತು ನಮ್ ಮಾವನೂ ಇಂಗೇ ಯೋಳಿ ಕಳ್ಸಿದ್ದ ಕಣಪ್ಪ" ಎಂದು ಫೋನ್ ಇಟ್ಟಳು.

"ಯಾವ ಕೆಲಸ ಮುಂದಕ್ಕೆ ಹೋಗಲ್ಲ? ತೋರಿಸಿ ನೋಡೋಣ." ಹಿಂದಿನ ಮೇಜಿನಲ್ಲಿ ಊಟದ ಡಬ್ಬಿ ಮುಚ್ಚುತ್ತಿದ್ದ ಫಿರೋಜಾ ಕೇಳಿದರು. ಅವನ ಮೇಲಧಿಕಾರಿ ಅವರು. ಮಾತು ಕಿವಿಗೆ ಬಿದ್ದಿತ್ತು. ತಿಮ್ಮೇಶ್ ಸಂಕೋಚದಿಂದಲೇ ವಿಷಯವೆಲ್ಲ ಹೇಳಿ ಕಂಪ್ಯೂಟರ್ ತೆರೆದ. ಪರದೆಯ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ದಪ್ಪ ನೀಲಿ ಗೆರೆ. ಒಂದರ ತುದಿಯಿಂದ ಇನ್ನೊಂದರ ಮೊದಲಿಗೆ ಬಾಣ. ಇದು ಮುಗಿದರೆ ಅದು ಶುರು, ಮುಗಿಯದಿದ್ದರೆ ಅದು ಕಾಯಬೇಕು. ಬಾಣಗಳನ್ನೆಲ್ಲ ಎಳೆದವನು ತಿಮ್ಮೇಶನೇ. ಫಿರೋಜಾ ಕನ್ನಡಕ ಏರಿಸಿಕೊಂಡು ಬಗ್ಗಿದರು. ಅಷ್ಟೂ ಬಾಣಗಳು ಒಂದೇ ಗೆರೆಯನ್ನು ಮುಟ್ಟಿ ಹೋಗುತ್ತಿದ್ದವು. ಅದರ ಮೇಲೆ "ತಿಮ್ಮೇಶ್ ನೋಡಬೇಕು" ಎಂದು ಬರೆದಿತ್ತು.

"ಇದೇನ್ರೀ, ಊರಿನ ದಾರಿಯೆಲ್ಲ ನಿಮ್ಮನೆ ಮುಂದೇನೇ ಹೋಗ್ತಿದೆ!" ಎಂದು ನಕ್ಕರು. ಸಹಿಗೆಂದು ಒಳಗೆ ಬಂದ ಕ್ರೇನ್ ಡ್ರೈವರನನ್ನು ಅಲ್ಲೇ ನಿಲ್ಲಿಸಿದರು. "ಮಕ್ಬೂಲ್, ಲಾರಿಯಿಂದ ಮೆಷಿನ್ ಇಳಿಸೋವಾಗ ಇವರು ಪಕ್ಕದಲ್ಲಿ ಇರಲೇಬೇಕಾ?"

"ಇದ್ರೇನೇ ಕಷ್ಟ ಮೇಡಂ. ಮಕ್ಬೂಲಣ್ಣ ಹುಷಾರು, ಮಕ್ಬೂಲಣ್ಣ ಹುಷಾರು ಅಂತಾನೇ ಇರ್ತಾರೆ. ಅದನ್ನ ಕೇಳೇ ನಂಗೆ ಕೈ ನಡುಗ್ತದೆ."

ಫಿರೋಜಾ ಮೆಷಿನ್ ಇಳಿಸುವ ಗೆರೆಗೆ ಹೋಗುತ್ತಿದ್ದ ಬಾಣ ಅಳಿಸಿದರು. ಕಾಯುತ್ತಿದ್ದ ಗೆರೆ ತಾನಾಗಿ ಎಡಕ್ಕೆ ಸರಿದು ತನ್ನ ಜಾಗದಲ್ಲಿ ಕೂತಿತು. ಇನ್ನೊಂದು ಬಾಣ ಅಳಿಸಿದರು, ಮತ್ತೊಂದು ಗೆರೆ ಸರಿಯಿತು.

"ಮೆಷಿನ್ ಕೂರಿಸೋ ಪಾಯದ ಕಾಂಕ್ರೀಟು?"

"ಅದು ಶುಕ್ರವಾರದವರೆಗೂ ಗಟ್ಟಿಯಾಗಬೇಕು ಮೇಡಂ. ಆಮೇಲೆ ಮಟ್ಟ ನಾನೇ ನೋಡ್ಬೇಕು."

"ಸರಿ, ಅದಿರಲಿ. ಗುರುವಾರ ನೀವು ನೋಡ್ತಾ ನಿಂತ್ರೆ ಅದೇನು ಬೇಗ ಗಟ್ಟಿಯಾಗುತ್ತಾ?"

ತಿಮ್ಮೇಶ್ ಪರದೆ ನೋಡಿದ. ಗುರುವಾರದ ಕೆಳಗೆ ಈಗ ಅವನನ್ನು ಕಾಯುವ ಗೆರೆ ಒಂದೂ ಇರಲಿಲ್ಲ. ಹಗುರವಾಗಬೇಕಿದ್ದ ಮನಸ್ಸಿಗೆ ಎಲ್ಲೋ ಚುಚ್ಚಿದಂತೆಯೂ ಆಯಿತು.

"ಈಗ ಹೇಳಿ. ಆ ಕಂಬ ಬೇರೆ ಯಾರಾದರೂ ಕಡಿದರೆ ನಡೆಯುತ್ತಾ?"

"ಇಲ್ಲ ಮೇಡಂ. ಸೋದರಮಾವನೇ ಕಡೀಬೇಕು. ಮಾನಸಂಗೆ ನಾನೊಬ್ಬನೇ ಸೋದರಮಾವ. ಅದನ್ನ ನೆಟ್ಟ ಮೇಲೇ ಅರಿಶಿನ."

ಫಿರೋಜಾ ಗುರುವಾರದ ಖಾಲಿ ಜಾಗದಲ್ಲಿ ಎರಡು ಹೊಸ ಗೆರೆ ಹಾಕಿ, ಮೊದಲನೆಯದಕ್ಕೆ ಹಾಲುಗಂಬ, ಎರಡನೆಯದಕ್ಕೆ ಅರಿಶಿನ ಎಂದು ಬರೆದು ನಡುವೆ ಬಾಣ ಎಳೆದರು. "ನೋಡಿ, ಇದು ನಿಜವಾದ ಬಾಣ. ಇದನ್ನ ಅಳಿಸೋಕೆ ನನಗೂ ಬರಲ್ಲ. ಹೋಗಿ ಬನ್ನಿ." ಎದ್ದು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. "ನನ್ನ ಮಗಳು ಮೊದಲ ಸಲ ಸ್ಟೇಜ್ ಹತ್ತಿದ ದಿನ ನಾನೂ ನಿಮ್ಮ ಹಾಗೇ, ನಾನಿಲ್ಲದೆ ಕೆಲಸ ನಡೆಯಲ್ಲ ಅಂತ ಹೇಳಿ ಇಲ್ಲೇ ಕೂತಿದ್ದೆ. ಪಾಪ, ಡ್ಯಾನ್ಸ್ ಮರೆತು ನನ್ನನ್ನೇ ಹುಡುಕ್ತಾ ನಿಂತಿದ್ದಳಂತೆ."

ಗುರುವಾರ ಬೆಳಿಗ್ಗೆ ಅಕ್ಕನ ಊರು ಬೈರಮಂಗಲದ ಕೆರೆ ಹತ್ತಿರ ತಿಮ್ಮೇಶ್ ಅತ್ತಿಮರ ಹತ್ತಿದ. ಮಚ್ಚು ಬಿದ್ದಲ್ಲೆಲ್ಲ ಹಾಲು ಜಿನುಗಿ ಅಂಗಿಯ ತೋಳಿಗೆ ಅಂಟಿತು. ಜೇಬಿನಲ್ಲಿ ಫೋನ್ ಬಡಿದುಕೊಂಡಾಗ ಮಚ್ಚನ್ನು ಕೊಂಬೆಗೆ ಕಚ್ಚಿಸಿ ಎತ್ತಿಕೊಂಡ.

"ಸಾರ್, ಮೆಷಿನ್ ಇಳಿಸಿದ್ದಾಯ್ತು" ಎಂದ ಮಕ್ಬೂಲ್. "ನೀವು ಮರದ ಮೇಲಿದ್ದೀರಾ? ಮೇಡಂ ಹೇಳಿದ್ರು. ಹುಷಾರು ಸಾರ್, ಹುಷಾರು!"

ಹಸಿ ಕೊಂಬೆಯನ್ನು ಹೆಗಲ ಮೇಲೆ ಹೊತ್ತು ಅವನು ಬೀದಿ ತಿರುಗುವಾಗ ಮುನಿತಾಯಮ್ಮ ಚಪ್ಪರದ ಹೊರಗೇ ನಿಂತಿದ್ದಳು. ಅವನ ತೋಳಿಗೆ ಅಂಟಿದ್ದ ಹಾಲನ್ನು ಸೆರಗಿನಿಂದ ಒರೆಸಿದಳು. "ರಜ ಯಾರಪ್ಪ ಕೊಟ್ರು?" ಎಂದಳು.

"ನಮ್ ಫಿರೋಜಾ ಮೇಡಂ ಕಣಕ್ಕ. ನಾನು ಕೇಳೂ ಇರ್ನಿಲ್ಲ. ಅವ್ರೇ ಕಳ್ಸುದ್ರು."

ಕಂಬ ನೆಟ್ಟರು. ತಿಮ್ಮೇಶ್ ಬುಡಕ್ಕೆ ಹಾಲು ಬಿಟ್ಟು ಚೊಂಬು ಹಿಂದಕ್ಕೆ ಕೊಡಲು ಹೋದ. ಅಕ್ಕ ತೆಗೆದುಕೊಳ್ಳಲಿಲ್ಲ.

"ನಿನ್ನ ಕಳ್ಸಿದ್ ಆ ತಾಯಿ ಹೆಸ್ರಲ್ಲೂ ಒಸಿ ಬುಡು."

ಅವನು ಇನ್ನೊಮ್ಮೆ ಹಾಲು ಬಿಟ್ಟ. ಕೊಟ್ಟ ಮಾತು ನಡೆಯಿತು. ಒಳಗೆ ಬಟ್ಟಲಲ್ಲಿ ಅರಿಶಿನ ಇನ್ನೂ ಹಸಿಯಾಗಿತ್ತು.