ತೂತಿಲ್ಲದ ದೋಣಿ

ದೋಣಿಯಲ್ಲಿ ನೀರು ಇರಲೇಬೇಕಿತ್ತು. ಯೆರ್ಕೊ ಅಡಿಹಲಗೆ ಎತ್ತಿ, ಹೊಟ್ಟೆಯ ಮೇಲೆ ಮಲಗಿ, ಕೈಯನ್ನು ಭುಜದವರೆಗೂ ಒಳಗೆ ತೂರಿಸಿದ. ಬೆರಳಿಗೆ ಧೂಳು ಹತ್ತಿತು. ನಲವತ್ತು ವರ್ಷದ ಮರದ ದೋಣಿಯ ಹೊಟ್ಟೆಯಲ್ಲಿ ಧೂಳು!

"ಏನಾದ್ರೂ ಬೀಳಿಸ್ಕೊಂಡ್ಯೇನೋ ಯೆರ್ಕೊ?" ದೋಣಿ ಕಟ್ಟುವ ಧಕ್ಕೆಯ ಮೇಲಿಂದ ವಿಂಕಾ ಕೇಳಿದಳು.

"ಸುಮ್ನಿರಿ ಅತ್ತಿಗೆ. ಎಲ್ಲಾ ನಿಮ್ಮ ಒಳ್ಳೇದಕ್ಕೇ."

ತ್ರೋಗಿರ್‌ನ ಊರ ಧಕ್ಕೆಗೆ ಯೆರ್ಕೊನೇ ಕಾವಲುಗಾರ, ಅವನೇ ತಪಾಸಣೆದಾರ. ತೀರಿಹೋದ ಅಣ್ಣನ ಹೆಂಡತಿಯ ದೋಣಿಯನ್ನು ಮೈದುನನೇ ತಪಾಸಣೆ ಮಾಡುವುದು ಸರಿಯೇ ಎಂದು ಯಾರೂ ಕೇಳಲಿಲ್ಲ. ನೆಂಟಸ್ತಿಕೆ ಇರುವವರನ್ನೆಲ್ಲ ಬಿಡುತ್ತ ಹೋದರೆ ಈ ಪುಟ್ಟ ದ್ವೀಪದ ಊರಿನಲ್ಲಿ ಕೆಲಸಕ್ಕೆ ಯಾರೂ ಉಳಿಯುತ್ತಿರಲಿಲ್ಲ.

ನಾಳೆಯಿಂದ ಧಕ್ಕೆ ಮರೀನಾ ಕಂಪನಿಯ ಕೈಗೆ ಹೋಗುತ್ತದೆ. ಅರಮನೆಯಂಥ ವಿಹಾರನೌಕೆಗಳು ಬರುತ್ತವೆ, ಅವುಗಳ ಮಾಲೀಕರು ವರ್ಷಕ್ಕೆ ನಾಲ್ಕು ದಿನ ಬರುತ್ತಾರೆ. ಊರವರ ಮೇಲೂ ದಯೆ ತೋರಿದ್ದರು: ಇಂದು ತಪಾಸಣೆಯಲ್ಲಿ ಗೆದ್ದ ದೋಣಿಗೆ ಧಕ್ಕೆಯಲ್ಲಿ ಕಟ್ಟಲು ಜೀವಮಾನಪೂರ್ತಿ ಜಾಗ. ಸೋತರೆ ಆ ಜಾಗ ಸಂಜೆಯೊಳಗೆ, ಜಾಗಕ್ಕಾಗಿ ಕಾಯುತ್ತಿರುವವರ ಸರದಿಪಟ್ಟಿಯ ಮೊದಲಿಗರಿಗೆ. ಆಮೇಲೆ ಪಟ್ಟಿ ಕಸದಬುಟ್ಟಿಗೆ.

ಪಟ್ಟಿ ಧಕ್ಕೆಯ ಕಚೇರಿಯ ಗೋಡೆಯ ಮೇಲೇ ಇತ್ತು, ಆದರೆ ಹೆಸರಿಲ್ಲದೆ, ಬರೀ ಸಂಖ್ಯೆಗಳಲ್ಲಿ. ಖಾಸಗಿತನದ ಕಾನೂನು. ಪಕ್ಕದ ಮನೆಯ ಸಾರಿಗೆ ಉಪ್ಪು ಹೆಚ್ಚಾದದ್ದೂ ಗೊತ್ತಿರುವ ಊರಿನಲ್ಲಿ ಇದೊಂದು ಗುಟ್ಟು ಮಾತ್ರ ಭದ್ರವಾಗಿತ್ತು. ಮೊದಲನೇ ಸಂಖ್ಯೆಯವರು ಇಪ್ಪತ್ತೆರಡು ವರ್ಷದಿಂದ ಕಾಯುತ್ತಿದ್ದಾರೆ ಎಂಬುದಷ್ಟೇ ತಿಳಿದಿತ್ತು.

ಇಂದು ಹನ್ನೊಂದು ದೋಣಿಗಳು ಗೆದ್ದಿದ್ದವು. ಉಳಿದದ್ದು ವಿಂಕಾಳದೊಂದೇ. ಅದು ಸೋಲಲೇಬೇಕೆಂದು ಯೆರ್ಕೊ ತೀರ್ಮಾನಿಸಿದ್ದ.

ಕಾರಣ, ಹಲ್ಲಿನ ಡಾಕ್ಟರ್ ಲೋವ್ರೆ. ಅವನ ಮನೆಯಂಗಳದ ಅಂಜೂರದ ಮರದಡಿ ಒಂದು ದೋಣಿ ಟಾರ್ಪಾಲು ಹೊದ್ದು ಮಲಗಿದೆ. ಕಟ್ಟಲು ಜಾಗವಿಲ್ಲದೆ ಅದು ಸಮುದ್ರವನ್ನೇ ಕಂಡಿಲ್ಲ. ಇಂಥವನಿಗೆ ಕಳೆದ ವರ್ಷ ಇದ್ದಕ್ಕಿದ್ದಂತೆ ವಿಧವೆಯೊಬ್ಬಳ ಮೇಲೆ ಪ್ರೀತಿ ಉಕ್ಕಿತು. ಜಾಗ ಇರುವ ವಿಧವೆಯ ಮೇಲೆ. ಇಲ್ಲಿ ಜಾಗ ದೋಣಿಯ ಹಿಂದೆ ಹೋಗುತ್ತದೆ: ದೋಣಿ ಯಾರದೋ ಜಾಗವೂ ಅವರದೇ. ಅದಕ್ಕಾಗಿ ಕೊಳೆತ ಹಲಗೆಗಳನ್ನು ಚಿನ್ನದ ಬೆಲೆಗೆ ಕೊಂಡವರಿದ್ದಾರೆ. ಈ ಡಾಕ್ಟರ್ ಮದುವೆಯಲ್ಲೇ ಮುಗಿಸುವ ಅಗ್ಗದ ದಾರಿ ಹುಡುಕಿದ್ದಾನೆ ಎಂದು ಧಕ್ಕೆಯ ಕೆಫೆ ತೀರ್ಪು ಕೊಟ್ಟಿತ್ತು. ನೀರು ಬೆರೆಸಿದ ಕೆಂಪು ವೈನಿನ ಮುಂದೆ ಕೊಟ್ಟ ತೀರ್ಪಿಗೆ ಅಲ್ಲಿ ಮೇಲ್ಮನವಿ ಇಲ್ಲ.

ವರ್ಷವಿಡೀ ರಜೆಯ ದಿನಗಳಲ್ಲಿ ಡಾಕ್ಟರ್, ದಡಕ್ಕೆಳೆದ ವಿಂಕಾಳ ದೋಣಿಯ ಕೆಳಗೆ ಮಲಗಿದ. ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ಹಲಗೆಯ ಸಂದಿ ನೋಡಿದ, ಹುಳುಕು ಕೆರೆದ, ಹತ್ತಿ ತುಂಬಿದ. ವಿಂಕಾ ಪಕ್ಕದಲ್ಲಿ ಬಣ್ಣ ಹಚ್ಚುತ್ತಿದ್ದಳು. ಗಂಟೆಗಟ್ಟಲೆ ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ.

"ಮಾತೇ ಆಡಲ್ವಲ್ರೋ!" ಎಂದಿತು ಕೆಫೆ. "ಒಳಗೊಳಗೇ ಲೆಕ್ಕ ಹಾಕ್ತಾ ಇದ್ದಾನೆ."

ಸೋಮವಾರಕ್ಕೊಮ್ಮೆ ಅವನು ಸರದಿಪಟ್ಟಿಯ ಮುಂದೆ ಜೇಬಿನಲ್ಲಿ ಕೈಯಿಟ್ಟು ನಿಲ್ಲುತ್ತಿದ್ದ.

"ಎಷ್ಟು ಜನರ ಬಾಯಿಗೆ ಮಣ್ಣು ಹಾಕ್ತೀನಿ ಅಂತ ಎಣಿಸ್ತಿದ್ದಾನೆ," ಎಂದಿತು ಕೆಫೆ.

ಯೆರ್ಕೊ ಒಮ್ಮೆ ಅವನ ಮುಂದೆ ಕಾಗದವೊಂದನ್ನು ಇಟ್ಟಿದ್ದ. ಮದುವೆಯಾದರೂ ದೋಣಿಯ ಮೇಲಾಗಲಿ ಜಾಗದ ಮೇಲಾಗಲಿ ತನಗೆ ಹಕ್ಕಿಲ್ಲ ಎಂಬ ಕರಾರು. ಡಾಕ್ಟರ್ ಓದದೆಯೇ ಸಹಿ ಹಾಕಿದ. ಓದದೆ ಸಹಿ ಹಾಕುವವನು ಓದಿ ಹಾಕುವವನಿಗಿಂತ ದೊಡ್ಡ ಕಳ್ಳ ಎಂದು ಯೆರ್ಕೊನಿಗೆ ಆಗಲೇ ಖಾತ್ರಿಯಾಯಿತು. ಉಳಿದದ್ದು ಒಂದೇ ದಾರಿ. ಜಾಗ ಹೋದರೆ ವರನೂ ಹೋಗುತ್ತಾನೆ, ಅತ್ತಿಗೆ ಬಚಾವ್. ಗಂಡ ಸತ್ತಾಗಿನಿಂದ ಅವಳು ದಿನಾ ಮುಂಜಾನೆ ಒಬ್ಬಳೇ ಮೀನಿಗೆ ಹೋಗುತ್ತಿದ್ದುದು ನಿಲ್ಲುತ್ತದೆ, ನಿಜ. 'ನಿನ್ನ ಒಳ್ಳೇದಕ್ಕೇ' ಎನ್ನುವವರು ಯಾರೂ ಇಲ್ಲದ ಜಾಗ ಅವಳಿಗೆ ಆ ಸಮುದ್ರವೊಂದೇ ಆಗಿತ್ತು.

"ಆ ದೂರದ ಬುರುಡೆವರೆಗೂ ಹೋಗಿ ಬನ್ನಿ, ಅತ್ತಿಗೆ," ಎಂದ ಯೆರ್ಕೊ, ಸಮುದ್ರದಲ್ಲಿ ತೇಲುತ್ತಿದ್ದ ಗುರುತಿನ ಬುರುಡೆಯನ್ನು ತೋರಿಸುತ್ತ.

"ಉಳಿದವರಿಗೆಲ್ಲ ಹತ್ತಿರದ್ದು ತೋರಿಸ್ದೆ?"

"ಅವರು ನೆಂಟರಲ್ಲ."

ಇಂಜಿನ್ ಮೊದಲ ಎಳೆತಕ್ಕೇ ಹೊತ್ತಿಕೊಂಡಿತು. ಅದು ಕೆಮ್ಮಿದಾಗೊಮ್ಮೆ ದಡದಲ್ಲಿದ್ದ ಡಾಕ್ಟರ್ ಉಸಿರು ಬಿಗಿಹಿಡಿಯುತ್ತಿದ್ದ.

"ಆ ಹಲಗೆ ಮುಳುಗಿದ್ರೆ ನಿಮಗೇನು ಡಾಕ್ಟ್ರೇ ನಷ್ಟ?" ಯೆರ್ಕೊ ಚುಚ್ಚಿದ.

"ನನಗೇನೂ ನಷ್ಟ ಇಲ್ಲ," ಎಂದ ಡಾಕ್ಟರ್, ಕಣ್ಣನ್ನು ದೋಣಿಯಿಂದ ಕೀಳದೆ.

ಕೆಫೆ ಹೊಟ್ಟೆ ಹಿಡಿದು ನಕ್ಕಿತು. ಇಷ್ಟು ಹಸೀ ಸುಳ್ಳನ್ನು ಅದು ಬಹಳ ದಿನದಿಂದ ಕೇಳಿರಲಿಲ್ಲ.

ವಿಂಕಾ ಗುರುತನ್ನು ಸುತ್ತಿ ಬಂದಳು. ಯೆರ್ಕೊ ಮತ್ತೆ ಹೊಟ್ಟೆಯ ಮೇಲೆ ಮಲಗಿದ. ಮತ್ತೆ ಧೂಳು.

"ಆಯ್ತೇನೋ, ನನ್ನ ಒಳ್ಳೇದು?" ಎಂದಳು ವಿಂಕಾ.

ಬೇರೆ ದಾರಿಯಿರಲಿಲ್ಲ, ದೋಣಿ ಗೆದ್ದಿತೆಂದು ಸಹಿ ಹಾಕಿದ. ವಂಚಕನೊಬ್ಬನಿಗೆ ಅತ್ತಿಗೆಯನ್ನು ಧಾರೆಯೆರೆದವನಂತೆ ಮುಖ ಹುಳ್ಳಗೆ ಮಾಡಿಕೊಂಡು ಕಚೇರಿಗೆ ಹೋದ.

ಗುಮಾಸ್ತೆ ಯಾಗೊದಾ ಗೋಡೆಯಿಂದ ಪಟ್ಟಿಯನ್ನು ಕಿತ್ತು ಹರಿದಳು. ಒಂದು ಕಾಗದಕ್ಕೆ ಮೊಹರು ಒತ್ತಿ ಅವನಿಗೆ ಚಾಚಿದಳು. "ಮೊದಲನೇ ನಂಬರಿನವರಿಗೆ ಇದನ್ನ ಮುಟ್ಟಿಸ್ಬಿಡು. ಇನ್ನು ಜಾಗ ಇಲ್ಲ ಅಂತ. ಇಪ್ಪತ್ತೆರಡು ವರ್ಷ ಕಾದ ಮನುಷ್ಯ, ಪಾಪ. ಇವತ್ತು ನಿಮ್ಮ ಅತ್ತಿಗೆ ದೋಣೀಲಿ ಒಂದು ತೂತಿದ್ದಿದ್ರೆ ಸಾಕಿತ್ತು."

"ಮನೆ ಎಲ್ಲಿ ಅವನದು?"

"ಮನೆಗ್ಯಾಕೆ ಹೋಗ್ತೀಯ? ಅಗೋ, ನಿಮ್ಮ ಅತ್ತಿಗೆಯ ದೋಣಿಗೆ ಹಗ್ಗ ಕಟ್ತಾ ಇದ್ದಾರಲ್ಲ ಡಾಕ್ಟ್ರು, ಅವರೇ."