ನೀಲಿ ಔಷಧಿ

ಕಡಿದ ಮರದ ಬುಡಕ್ಕೆ ಬಳಿಯಲೆಂದು ಎತ್ತಿಕೊಂಡ ಡಬ್ಬಿಯ ಮುಚ್ಚಳ ಹಾರಿ ನೀಲಿ ಔಷಧಿ ನೇರವಾಗಿ ಅವಳ ಕಣ್ಣಿಗೇ ಚಿಮ್ಮಿತು. “ಅಯ್ಯೋ ಚಿಕ್ಕಪ್ಪಾ, ಕಣ್ಣು!” ಎಂದು ಕಿರುಚುತ್ತಾ ಅವಳು ಕುಸಿದು ಕೂತಳು.

ಚಿಕ್ಕಪ್ಪ ತಂಡದ ಮೇಸ್ತ್ರಿ. ಎಲ್ಲಿಂದಲೋ ಬಂದು ಹೊಳೆಯ ದಂಡೆಯನ್ನೆಲ್ಲ ನುಂಗಿ, ನೀರನ್ನೂ ಹೀರುತ್ತಿದ್ದ ಮರಗಳನ್ನು ಕಡಿಯುವ ಗುತ್ತಿಗೆ ಐದು ವರ್ಷದಿಂದ ಅವನದೇ. ಕಡಿದ ಬುಡಕ್ಕೆ ತಕ್ಷಣ ಈ ನೀಲಿ ವಿಷ ಬಳಿಯದಿದ್ದರೆ ಒಂದಕ್ಕೆ ಹತ್ತಾಗಿ ಚಿಗುರುವ ಜಾತಿ ಅದು. ವಿಷ ಬೆರೆಸುವ ಕೆಲಸವನ್ನು ಅವನು ಇನ್ನೊಬ್ಬರಿಗೆ ಬಿಟ್ಟವನಲ್ಲ. “ಒಂದು ಹನಿ ಬಿದ್ರೂ ಕಣ್ಣು ಹೋಯ್ತು ಅಂತಲೇ ತಿಳ್ಕೊಳ್ಳಿ” ಎಂದು ದಿನಾ ಬೆಳಿಗ್ಗೆ ಹೆದರಿಸುತ್ತಿದ್ದವನೂ ಅವನೇ. ಊಟಕ್ಕೆ ಕೂತಾಗ ಮಾತ್ರ, “ಈ ಪಿಶಾಚಿ ಮರ ಇರೋತನಕ ನಮ್ಮ ಹೊಟ್ಟೆಗೆ ಮೋಸ ಇಲ್ಲ ಬಿಡ್ರೋ” ಎಂದು ನಗುತ್ತಿದ್ದ.

ಈಗ ಅವನು ಮೋಟಾರು ಗರಗಸವನ್ನು ಆರಿಸಲೂ ಇಲ್ಲ. ಒಮ್ಮೆ ತಿರುಗಿ ನೋಡಿ, “ಏನೂ ಆಗಲ್ಲ ಕಣೇ, ತೋಳಲ್ಲಿ ಒರೆಸ್ಕೋ” ಎಂದವನೇ ಮತ್ತೆ ಮರಕ್ಕೆ ಗರಗಸ ಕೊಟ್ಟ. ಅವಳ ಕಾಲಿಗೆ ಮುಳ್ಳು ಚುಚ್ಚಿದರೂ ಓಡಿ ಬರುತ್ತಿದ್ದ ಚಿಕ್ಕಪ್ಪ!

ಅವಳು ಹಲ್ಲು ಕಚ್ಚಿ ಉರಿಗಾಗಿ ಕಾದಳು. ಉರಿ ಬರಲಿಲ್ಲ; ಕೆನ್ನೆಯ ಮೇಲೆ ಇಳಿದದ್ದು ಬರೀ ನೀರಿನಂತೆ ತಣ್ಣಗಿತ್ತು. ಮೆಲ್ಲಗೆ ಕಣ್ಣು ಬಿಟ್ಟಳು. ಎದುರಿಗೇ, ಹೋದ ವರ್ಷ ಅವಳೇ ಕೈಯಾರೆ ನೀಲಿ ಬಳಿದಿದ್ದ ಬುಡ. ಅದರ ಮೇಲೆ ಅವಳಷ್ಟೇ ಎತ್ತರದ ಏಳು ಚಿಗುರು. ಆಚೆ, ಹೊಳೆ ಹರಿಯುತ್ತಿದ್ದ ಜಾಗದಲ್ಲಿ ಬರೀ ಕಲ್ಲು.

ಅವಳು ಎದ್ದು ನಿಂತು, ಇಡೀ ತಂಡಕ್ಕೆ ಕೇಳುವಂತೆ ಕೂಗಿದಳು: “ಚಿಕ್ಕಪ್ಪಾ, ಇದು ಉರೀತಾನೇ ಇಲ್ಲ!”

ಆಗ ಗರಗಸ ನಿಂತಿತು.