ಬಿಸಿಲೇರುವ ಮುಂಚಿನ ಅಳತೆ

ಶಾಲೆಯ ದೊಡ್ಡ ಗೇಟಿಗೆ ಹೆಡ್ ಮೇಡಂ ಬೀಗ ಜಡಿದಾಗ ಗಾಳಿ ಅಳೆಯುವ ಸರ್ಕಾರಿ ವ್ಯಾನು ಇನ್ನೂ ಮೈದಾನದೊಳಗೇ ಇತ್ತು. ಯಂತ್ರದ ಕೊಳವೆ ಸುತ್ತಿಡುತ್ತಿದ್ದ ಅಧಿಕಾರಿ ಹಾಗೇ ನಿಂತುಬಿಟ್ಟ. ಅವನಿಗೆಂದು ಬಿಸಿ ತಿಂಡಿ ತಂದಿದ್ದ, ಪಕ್ಕದ ಹಲಗೆ ಕಾರ್ಖಾನೆಯ ಮ್ಯಾನೇಜರ್, ತೆರೆದ ಡಬ್ಬಿಯನ್ನು ಮತ್ತೆ ಮುಚ್ಚಿದ.

“ಇದೇನ್ ಮೇಡಂ? ಅಳತೆ ಮುಗೀತಲ್ಲ, ಗಾಳಿ ಚೊಕ್ಕವಾಗಿದೆ. ನಾನಿನ್ನು ಹೊರಡ್ಬೇಕು,” ಎಂದ ಅಧಿಕಾರಿ.

“ಬಿಸಿಲು ಬೀಳೋ ಮುಂಚೆ ಬಂದು, ಬಿಸಿಲು ಬೀಳೋ ಮುಂಚೇನೇ ಓಡಿಹೋದ್ರೆ ಚೊಕ್ಕವಾಗಿರದೆ ಇನ್ನೇನಾಗಿರುತ್ತೆ? ಮಧ್ಯಾಹ್ನದ ಬೆಲ್ ಹೊಡೆಯೋವರೆಗೆ ವ್ಯಾನು ಇಲ್ಲಿಂದ ಅಲ್ಲಾಡಲ್ಲ. ಬಿಚ್ಚಿ ಆ ಕೊಳವೇನ!”

ಪ್ರತಿಸಲವೂ ಇದೇ ಕಥೆ. ಹಕ್ಕಿ ಏಳುವ ಹೊತ್ತಿಗೆ ವ್ಯಾನು ಬರುತ್ತದೆ, ಹಿಂದೆಯೇ ತಿಂಡಿ ಬರುತ್ತದೆ, ಗಾಳಿ ಪಾಸಾಗುತ್ತದೆ. ತಿಂದವರಿಗೂ ತೃಪ್ತಿ, ತಿನ್ನಿಸಿದವರಿಗೂ ತೃಪ್ತಿ. ಮಕ್ಕಳ ಕಣ್ಣಿಗೆ ಮಾತ್ರ ಮಣ್ಣು. ಹೋದ ವಾರ ಒಂದನೇ ಕ್ಲಾಸಿನ ಗುಬ್ಬಿ (ಅಂಗೈಯಗಲದ ಹುಡುಗಿ ಅಂತ ಎಲ್ಲರೂ ಹಾಗೇ ಕರೆಯುವುದು) ಮಧ್ಯಾಹ್ನ ಆಡುತ್ತ ಆಡುತ್ತ ಉಸಿರು ಸಿಗದೆ ಮೇಡಂ ತೋಳಿನಲ್ಲೇ ಕುಸಿದಿದ್ದಳು. ತುಟಿ ನೀಲಿಗಟ್ಟಿತ್ತು. ಈ ಸಲದ ಅಳತೆಯೂ ಪಾಸಾದರೆ ಕಾರ್ಖಾನೆಗೆ ಎರಡನೇ ಚಿಮಣಿ ಕಟ್ಟಲು ಅನುಮತಿ ಸಿಗುತ್ತದೆ. ಅದನ್ನು ನೆನೆದರೇ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು.

“ಚಿಮಣಿಯಿಂದ ಬೆಳಗ್ಗೆ ಏನು ಬರುತ್ತೋ ಮಧ್ಯಾಹ್ನಾನೂ ಅದೇ ಬರೋದು ಮೇಡಂ,” ಎಂದ ಮ್ಯಾನೇಜರ್, ಮಗುವಿಗೆ ಸಮಾಧಾನ ಹೇಳುವವನಂತೆ. “ಮರದ ಪುಡಿಗೆ ಅಂಟು ಬೆರೆಸಿ ಒತ್ತುತೀವಿ. ಅಂಟಿನ ಹಬೆ, ಅಷ್ಟೇ.”

“ಆ ಹಬೇಲಿ ಕಣ್ಣುರಿಸೋ ಫಾರ್ಮಾಲ್ಡಿಹೈಡ್ ಇದೆ. ಕಾರ್ಬೊನಿಲ್ ಅನ್ನೋ ಮನೆತನದ್ದು. ಅದೇ ಸಾಲದು ಅಂತ, ಬಿಸಿಲು ತಾಕಿದ್ರೆ ಅದರ ಅಣು ಒಡೆದು ಚೂರಾಗುತ್ತೆ. ಆ ಚೂರುಗಳು ರಸ್ತೆಯ ಲಾರಿ ಹೊಗೆ ಜೊತೆ ಸೇರಿ ಓಝೋನ್ ಹುಟ್ಟಿಸುತ್ವೆ. ಹೆಡ್ ಮೇಡಂ ಆಗೋ ಮುಂಚೆ ನಾನು ವಿಜ್ಞಾನದ ಟೀಚರ್ ಕಣ್ರೀ, ನನ್ನ ಕಿವಿಗೆ ಹೂವಿಡಬೇಡಿ.”

“ಓಝೋನ್ ಒಳ್ಳೇದಲ್ವಾ? ಭೂಮೀನ ಕಾಪಾಡೋದೇ ಅದು!”

“ಆಕಾಶದಲ್ಲಿದ್ರೆ ಕೊಡೆ. ಮೂಗಿಗೆ ಬಂದ್ರೆ ವಿಷ.”

“ಹಾಗಾದ್ರೆ ತಪ್ಪು ಬಿಸಿಲಿಂದು. ಸೂರ್ಯನ ಮೇಲೆ ಕೇಸು ಹಾಕಿ ಮೇಡಂ!” ಮ್ಯಾನೇಜರ್ ಹೊಟ್ಟೆ ಕುಲುಕಿಸಿ ನಕ್ಕ. ಅಧಿಕಾರಿಯೂ ನಗಲು ಹೊರಟವನು ಮೇಡಂ ಮುಖ ನೋಡಿ ನಗುವನ್ನು ನುಂಗಿಕೊಂಡ.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ! ನಾಚಿಕೆ ಆಗಲ್ವೇನ್ರೀ? ಸೂರ್ಯ ಮೊದಲಿಂದ ಅಲ್ಲೇ ಇದಾನೆ. ನೀವು ಬಂದಿದ್ದು ಮೊನ್ನೆ.” ಮೇಡಂ ಗೇಟಿನ ಪಕ್ಕಕ್ಕೆ ಕೈ ತೋರಿಸಿದರು. “ಆ ಚಿಕ್ಕ ಬಾಗಿಲು ತೆಗೆದೇ ಇದೆ. ಬೇಕಾದ್ರೆ ನೀವು ನಡೀರಿ. ವ್ಯಾನು ಮಾತ್ರ ಇಲ್ಲೇ ಇರುತ್ತೆ.”

ಮ್ಯಾನೇಜರ್ ಹೋಗಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಳ್ಳಲ್ಲ. ತಾನಿಲ್ಲದಾಗ ಯಂತ್ರ ಏನು ತೋರಿಸಿಬಿಡುತ್ತದೋ ಎಂಬ ಭಯ. ಮಕ್ಕಳು ಬಂದರು, ಪಾಠ ಶುರುವಾಯಿತು, ಮೈದಾನಕ್ಕೆ ಬಿಸಿಲು ಇಳಿಯಿತು. ಮೊದಮೊದಲು ಆಕಳಿಸುತ್ತ ಕುಳಿತಿದ್ದ ಅಧಿಕಾರಿ ಬರಬರುತ್ತ ಯಂತ್ರಕ್ಕೆ ಅಂಟಿಕೊಂಡೇ ಕುಳಿತ. ಓಝೋನ್ ಅಂಕಿ ಏರುತ್ತಿತ್ತು. ಮ್ಯಾನೇಜರ್ ಡಬ್ಬಿಯನ್ನು ಮೆಲ್ಲಗೆ ಅವನ ಕಡೆ ಸರಿಸಿದ. ಅವನು ಅದರ ಕಡೆ ನೋಡಲೂ ಇಲ್ಲ.

“ಆಫ್ ಮಾಡ್ರೀ, ಯಂತ್ರ ಕೆಟ್ಟಿದೆ,” ಎಂದು ಮ್ಯಾನೇಜರ್ ಪಿಸುಗುಟ್ಟಿದ.

“ಬೆಳಗ್ಗೆ ಇದೇ ಯಂತ್ರ ಸರಿಯಾಗಿತ್ತಲ್ಲ ಸಾರ್,” ಎಂದ ಅಧಿಕಾರಿ, ತಲೆ ಎತ್ತದೆ. ಮಾತು ಮುಗಿಯುವಷ್ಟರಲ್ಲಿ ಅವನಿಗೂ ಕೆಮ್ಮು ಬಂತು.

ನಡು ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ್ ಕರ್ಚೀಫಿನಿಂದ ಕಣ್ಣು ತಿಕ್ಕಿ ತಿಕ್ಕಿ ಕೆಂಪಗೆ ಮಾಡಿಕೊಂಡಿದ್ದ. ನೀರು ಧಾರೆಯಾಗಿ ಸುರಿಯುತ್ತಿತ್ತು. “ಒಳಗಾದ್ರೂ ಕೂರ್ತೀನಿ ಮೇಡಂ. ಕಿಟಕಿ ಹಾಕಿಸಿ.”

“ನಮ್ಮ ಮಕ್ಕಳು ಆಡೋದು ಇಲ್ಲೇ. ನೀವೂ ಇಲ್ಲೇ ಇರಿ,” ಎಂದರು ಮೇಡಂ.

ಬೆಲ್ ಹೊಡೆಯಿತು. ಮಕ್ಕಳು ಹೋ ಎಂದು ಹೊರಗೆ ಬಂದರು. ಆದರೆ ಒಬ್ಬರೂ ನೇರ ಮೈದಾನಕ್ಕೆ ಓಡಲಿಲ್ಲ. ಯಾರೂ ಹೇಳದೆಯೇ ನಲ್ಲಿಯ ಮುಂದೆ ಸಾಲು ನಿಂತು, ಒಬ್ಬೊಬ್ಬರಾಗಿ ಕಣ್ಣು ತೊಳೆದುಕೊಳ್ಳತೊಡಗಿದರು. ಗುಬ್ಬಿ ತನ್ನ ಸರದಿ ಮುಗಿಸಿ, ಒದ್ದೆ ಮುಖದಲ್ಲೇ ಮ್ಯಾನೇಜರ್ ಹತ್ತಿರ ಬಂದು ನಿಂತಳು. ಅವನನ್ನು ಕನಿಕರದಿಂದ ನೋಡಿದಳು.

“ತಿಕ್ಕಬೇಡಿ ಮಾಮಾ, ಇನ್ನೂ ಉರಿಯುತ್ತೆ. ಮೊದಮೊದಲು ನಾವೂ ಹಾಗೇ ತಿಕ್ತಿದ್ವಿ. ಆಮೇಲೆ ಅಭ್ಯಾಸ ಆಗೋಗುತ್ತೆ.”